ದೆಹಲಿಯ ಚಳಿಯಲ್ಲಿ ದ್ವಿಚಕ್ರ ಸವಾರನ ಆರೋಗ್ಯ

ಕರ್ನಾಟಕದಿಂದ ರಾಜಧಾನಿಗೆ ಬಂದು ನೆಲೆಸುವವರಿಗೆ ಇಲ್ಲಿಯ ಬೇಸಿಗೆಯ ವಿಷಯದಲ್ಲಿ ಎಚ್ಚರಿಕೆ ಹೇಳುವವರು ಬಹಳ ಮಂದಿ. ಚಳಿಗಾಲದ ವಿಷಯ ಬಂದಾಗ ಮಾತ್ರ "ಒಂದು ಒಳ್ಳೆಯ ಸ್ವೆಟರು ತಂದುಕೊಳ್ಳಿ" ಎಂಬ ಒಂದೇ ಮಾತಿನಲ್ಲಿ ಉಪದೇಶ ಮುಗಿದುಹೋಗುತ್ತದೆ. ಮನೆಯೊಳಗೆ ಇರುವವರಿಗೆ, ಬಸ್ಸಿನಲ್ಲಿಯೋ ಮೆಟ್ರೋ ರೈಲಿನಲ್ಲಿಯೋ ಹೋಗುವವರಿಗೆ ಈ ಸಲಹೆ ಸಾಕಾದೀತು. ಮಯೂರ ವಿಹಾರದಿಂದಲೋ ರೋಹಿಣಿಯಿಂದಲೋ ದ್ವಾರಕೆಯಿಂದಲೋ ಮುಂಜಾನೆ ಸ್ಕೂಟರನ್ನೋ ಮೋಟಾರು ಸೈಕಲ್ಲನ್ನೋ ಏರಿ ಹತ್ತಿಪ್ಪತ್ತು ಕಿಲೋಮೀಟರು ದೂರದ ಕಚೇರಿಗೆ ಹೊರಡುವವರಿಗೆ ಇದು ಸಾಲದು. ಅವರನ್ನು ಬಾಧಿಸುವ ಚಳಿ ಬೇರೆ ತೆರನಾದುದು. ಅದರ ಸ್ವರೂಪವನ್ನು ಅರಿತುಕೊಂಡರೆ ಅದರಿಂದ ಪಾರಾಗುವುದು ಕಷ್ಟವಲ್ಲ. ಅರಿಯದೆ ಹೋದರೆ ನೆಗಡಿ ಕೆಮ್ಮುಗಳಿಗಿಂತ ದೊಡ್ಡ ಅಪಾಯವೇ ಒದಗಬಹುದು.

ಮೊದಲು ಎರಡು ಅಂಕಿಗಳನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು ದಾಖಲಾದದ್ದು 1884ರ ಜನವರಿ 13ರಂದು. ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಜನವರಿ ತಿಂಗಳ ಕನಿಷ್ಠ ಉಷ್ಣತೆಯ ಸರಾಸರಿಯೇ ಸುಮಾರು ಏಳೂವರೆ ಡಿಗ್ರಿ. ಅಂದರೆ, ಬೆಂಗಳೂರು ಒಂದೂವರೆ ಶತಮಾನದಲ್ಲಿ ಒಮ್ಮೆ ಕಂಡ ಚಳಿ ದೆಹಲಿಯಲ್ಲಿ ಜನವರಿಯ ಸಾಧಾರಣ ಮುಂಜಾನೆಯ ಚಳಿ. ಇದೇ ಸಫ್ದರ್‌ಜಂಗ್‌ನಲ್ಲಿ 1935ರ ಜನವರಿ 16ರಂದು ಉಷ್ಣತೆ ಸೊನ್ನೆಗಿಂತಲೂ 0.6 ಡಿಗ್ರಿ ಕೆಳಕ್ಕೆ ಇಳಿದಿತ್ತು. ನಮ್ಮ ಧನುರ್ಮಾಸದ ಆರಂಭದಿಂದ ಜನವರಿಯ ಕೊನೆಯವರೆಗಿನ ಅವಧಿ ಇಲ್ಲಿ ಅತಿ ತೀವ್ರವಾದ ಚಳಿಯ ಕಾಲ. ಶಿವರಾತ್ರಿಗೆ ಚಳಿ "ಶಿವ ಶಿವಾ" ಎಂದು ಓಡಿಹೋಗುತ್ತದೆಂಬ ನಮ್ಮ ಕಡೆಯ ಮಾತನ್ನು ನೆನೆದು, ಸಂಕ್ರಾಂತಿ ಕಳೆದೊಡನೆ ಉಣ್ಣೆಯ ಬಟ್ಟೆಗಳನ್ನು ಪೆಟ್ಟಿಗೆಗೆ ಸೇರಿಸದಿರುವುದೇ ಲೇಸು.

ಗಾಳಿ ಮಾಡುವ ಕೆಲಸ

ಮನುಷ್ಯನ ದೇಹ ಸದಾ ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಈ ಶಾಖದಿಂದ ಚರ್ಮದ ಸುತ್ತಲೂ ಬೆಚ್ಚನೆಯ ಗಾಳಿಯ ತೆಳುವಾದ ಪೊರೆಯೊಂದು ಏರ್ಪಡುತ್ತದೆ. ನಿಂತ ಗಾಳಿಯಲ್ಲಿ ಈ ಪೊರೆ ಹೊದಿಕೆಯಂತೆ ಕಾಪಾಡುತ್ತದೆ. ಗಾಳಿ ಬೀಸಿದೊಡನೆ ಪೊರೆ ಹಾರಿಹೋಗಿ, ಅದರ ಜಾಗಕ್ಕೆ ತಣ್ಣನೆಯ ಗಾಳಿ ಬರುತ್ತದೆ. ದೇಹ ಅದನ್ನು ಮತ್ತೆ ಬೆಚ್ಚಗೆ ಮಾಡಬೇಕು. ಮತ್ತೆ ಅದು ಹಾರಿಹೋಗುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸುವಾಗ ನಡೆಯುವುದೂ ಬಹುಮಟ್ಟಿಗೆ ಇದೇ.

ಗಾಳಿಯಿಂದ ಶಾಖ ಎಷ್ಟು ಬೇಗ ಕಳೆದುಹೋಗುತ್ತದೆಂಬುದನ್ನು ಮೊದಲು ಅಳೆದವರಲ್ಲಿ ಪ್ರಮುಖರು ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಅಂಟಾರ್ಕ್ಟಿಕದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯನ್ನು ಗಾಳಿಗೆ ಒಡ್ಡಿ, ನೀರು ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಅವರು ಗುರುತಿಸಿದರು. ಅವರ ಲೇಖನ 1945ರಲ್ಲಿ ಪ್ರಕಟವಾಯಿತು. ಅದನ್ನು ಪರಿಷ್ಕರಿಸಿದ ಹೊಸ ಸೂತ್ರವೊಂದನ್ನು 2001ರಲ್ಲಿ ಅಮೆರಿಕ ಮತ್ತು ಕೆನಡ ದೇಶಗಳು ಜಾರಿಗೆ ತಂದವು. ಆ ಸೂತ್ರದಂತೆ ಲೆಕ್ಕ ಹಾಕಿದರೆ, ಉಷ್ಣತೆ 5 ಡಿಗ್ರಿ ಇರುವಾಗ ಗಂಟೆಗೆ 40 ಕಿಲೋಮೀಟರು ವೇಗದ ಗಾಳಿ ತೆರೆದ ಮುಖಕ್ಕೆ ಉಂಟುಮಾಡುವ ಚಳಿ, ಗಾಳಿಯಿಲ್ಲದ ಕಡೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿನ ಚಳಿಗೆ ಸಮ. ವೇಗ 60 ಕಿಲೋಮೀಟರಾದರೆ ಅದು ಸೊನ್ನೆಗಿಂತ ಎರಡು ಡಿಗ್ರಿ ಕೆಳಕ್ಕೆ ಹೋಗುತ್ತದೆ. ದೆಹಲಿಯ ಮುಂಜಾನೆ ಗಾಳಿ ಅಲುಗದೆ ನಿಂತಿರಬಹುದು. ಆದರೆ ಸವಾರನು ತನ್ನ ಗಾಳಿಯನ್ನು ತಾನೇ ಸೃಷ್ಟಿಸಿಕೊಂಡು ಹೋಗುತ್ತಾನೆ. ಬಾಲ್ಕನಿಯಲ್ಲಿ ನಿಂತು "ಇವತ್ತು ಅಷ್ಟೇನೂ ಚಳಿಯಿಲ್ಲ" ಎಂದುಕೊಂಡವನ ಅಂದಾಜು ರಸ್ತೆಗೆ ಇಳಿದ ಐದೇ ನಿಮಿಷದಲ್ಲಿ ಸುಳ್ಳಾಗುವುದು ಇದರಿಂದಲೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಗಾಳಿ ಶಾಖವನ್ನು ಬೇಗ ಕಸಿದುಕೊಳ್ಳುತ್ತದೆಯೇ ಹೊರತು ವಸ್ತುವನ್ನು ಸುತ್ತಲಿನ ಉಷ್ಣತೆಗಿಂತ ತಣ್ಣಗೆ ಮಾಡಲಾರದು. ಐದು ಡಿಗ್ರಿಯಲ್ಲಿ ಎಷ್ಟೇ ವೇಗವಾಗಿ ಹೋದರೂ ಒಣಗಿದ ಚರ್ಮ ಹಿಮದಲ್ಲಿ ಸಿಕ್ಕಿದಂತೆ ಹೆಪ್ಪುಗಟ್ಟುವುದಿಲ್ಲ. ದೆಹಲಿಯ ಸವಾರನಿಗೆ ಇರುವ ಭಯ ಬೆರಳು ಉದುರಿಹೋಗುವುದಲ್ಲ, ಬೆರಳು ತನ್ನ ಕೆಲಸ ಮರೆಯುವುದು.

ಕೆಲಸ ಮರೆಯುವ ಬೆರಳು

ಚಳಿ ತಗುಲಿದಾಗ ದೇಹ ಮೊದಲು ಕಾಪಾಡುವುದು ಹೃದಯ, ಮೆದುಳು, ಶ್ವಾಸಕೋಶಗಳನ್ನು. ಅದಕ್ಕಾಗಿ ಕೈಕಾಲುಗಳ ಚರ್ಮದ ರಕ್ತನಾಳಗಳು ಸಂಕುಚಿತಗೊಂಡು, ಅಲ್ಲಿಗೆ ಹರಿಯುವ ಬೆಚ್ಚನೆಯ ರಕ್ತ ಕಡಿಮೆಯಾಗುತ್ತದೆ. ಕಷ್ಟಕಾಲದಲ್ಲಿ ಯಜಮಾನನು ಹೊರಗಿನ ಖರ್ಚನ್ನು ಕಡಿಮೆ ಮಾಡಿ ಮನೆಯನ್ನು ಉಳಿಸಿಕೊಳ್ಳುವಂಥದೇ ಈ ಏರ್ಪಾಡು. ಹೀಗೆ ಮೊದಲು ವಂಚಿತವಾಗುವುದು ಬೆರಳ ತುದಿ. ಸವಾರನ ಬೆರಳುಗಳಾದರೋ ವಾಹನದ ಮುಂಭಾಗದಲ್ಲಿ ಗಾಳಿಗೆ ಎದುರಾಗಿಯೇ ಚಾಚಿಕೊಂಡಿರುತ್ತವೆ.

ಬೆರಳು ತಣ್ಣಗಾದಂತೆ ನರಗಳ ಮೂಲಕ ಸಂದೇಶ ಸಾಗುವ ವೇಗ ತಗ್ಗುತ್ತದೆ, ಕೀಲುಗಳು ಬಿಗಿಯುತ್ತವೆ, ಸ್ನಾಯುಗಳ ಬಲ ಕುಂದುತ್ತದೆ. ಕೈಯ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿಗಿಂತ ಕೆಳಗೆ ಇಳಿದರೆ ಬೆರಳುಗಳ ಚಾತುರ್ಯ ಗಣನೀಯವಾಗಿ ಕಡಿಮೆಯಾಗುತ್ತದೆ. ಸುಮಾರು 8 ಡಿಗ್ರಿಯ ಹೊತ್ತಿಗೆ ಸ್ಪರ್ಶಜ್ಞಾನವೇ ಮಂಕಾಗುತ್ತದೆ. ಬೆರಳನ್ನು ಆಡಿಸುವ ಸ್ನಾಯುಗಳಲ್ಲಿ ಬಲವಾದವು ಇರುವುದು ಮುಂಗೈಯಲ್ಲಿ. ಆದಕಾರಣ ತೋಳಿನೊಳಕ್ಕೆ ನುಗ್ಗುವ ಗಾಳಿಯೂ ಬೆರಳಿನ ಹಿಡಿತವನ್ನು ಕೆಡಿಸುತ್ತದೆ.

ಇದರಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದಿದೆ. ಮೊದಲು ಬೆರಳು ನೋಯುತ್ತದೆ, ಆಮೇಲೆ ಮರಗಟ್ಟುತ್ತದೆ. ನೋವು ನಿಂತಾಗ ಸವಾರನು "ಚಳಿ ರೂಢಿಯಾಯಿತು" ಎಂದು ಸಮಾಧಾನ ತಾಳುತ್ತಾನೆ. ವಾಸ್ತವವಾಗಿ ಆಗ ಎಚ್ಚರಿಕೆ ಕೊಡುವ ಶಕ್ತಿಯನ್ನೇ ಬೆರಳು ಕಳೆದುಕೊಂಡಿರುತ್ತದೆ. ಅದೇ ಬೆರಳೇ ಮುಂದಿನ ಚಕ್ರದ ಬ್ರೇಕನ್ನು ಹಿಡಿಯಬೇಕು.

ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 11 ಮೀಟರು ಚಲಿಸುತ್ತದೆ. ಮರಗಟ್ಟಿದ ಬೆರಳು ಬ್ರೇಕನ್ನು ಒತ್ತಲು ಅರ್ಧ ಸೆಕೆಂಡು ತಡಮಾಡಿತೆಂದು ಇಟ್ಟುಕೊಂಡರೆ, ಅಷ್ಟರಲ್ಲಿ ವಾಹನ ಐದೂವರೆ ಮೀಟರು ಮುಂದೆ ಹೋಗಿರುತ್ತದೆ. ರಸ್ತೆ ದಾಟುತ್ತಿರುವ ಶಾಲಾಬಾಲಕನಿಗೂ ಚಕ್ರಕ್ಕೂ ನಡುವೆ ಇರುವ ಅಂತರ ಹಲವು ವೇಳೆ ಅಷ್ಟೇ ಆಗಿರುತ್ತದೆ.

ಕೈ ಎಷ್ಟು ಚುರುಕಾಗಿದೆಯೆಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಕೆಂಪು ದೀಪದ ಮುಂದೆ ವಾಹನ ನಿಂತಾಗ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯನ್ನು ಮುಟ್ಟಿ ನೋಡಬೇಕು. ಅದು ಸರಾಗವಾಗಿ ಸಾಧ್ಯವಾಗದಿದ್ದರೆ ಆ ಕೈ ವಾಹನ ನಡೆಸಲು ತಕ್ಕುದಲ್ಲ. ಪಕ್ಕಕ್ಕೆ ನಿಲ್ಲಿಸಿ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಐದು ನಿಮಿಷ ಬೆಚ್ಚಗಾಗಿಸಿ ಹೊರಡಬೇಕು. ಕೆಲವರು ಎಂಜಿನ್ನಿಗೋ ಸೈಲೆನ್ಸರಿಗೋ ಕೈ ತಾಗಿಸುವುದುಂಟು. ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯುವುದಿಲ್ಲವಾದ್ದರಿಂದ ಇದು ಅಪಾಯಕರ.

ಉಡುಪಿನ ಕ್ರಮ

ಮೇಲೆ ಹೇಳಿದ್ದರಿಂದ ಉಡುಪಿನ ಸೂತ್ರ ತಾನಾಗಿ ಸ್ಪಷ್ಟವಾಗುತ್ತದೆ. ಶಾಖವನ್ನು ಹಿಡಿದಿಡುವುದು ಒಂದು ಕೆಲಸ. ಗಾಳಿಯನ್ನು ತಡೆಯುವುದು ಇನ್ನೊಂದು. ಹೆಣೆದ ಉಣ್ಣೆಯ ಸ್ವೆಟರು ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ. ಆದರೆ ಅದರ ಕಣ್ಣುಗಳ ಮೂಲಕ ಗಾಳಿ ನುಗ್ಗುವುದರಿಂದ ಎರಡನೆಯದನ್ನು ಮಾಡಲಾರದು. ಎರಡು ಸ್ವೆಟರುಗಳ ಮೇಲೆ ಮೂರನೆಯದನ್ನು ತೊಟ್ಟರೂ ನಡುಗುವವರುಂಟು. ಅವರಿಗೆ ಬೇಕಾದುದು ಇನ್ನೊಂದು ಸ್ವೆಟರಲ್ಲ, ಗಾಳಿ ತೂರದ ಒಂದು ಮೇಲಂಗಿ. ಮೈಗೆ ಅಂಟಿಕೊಂಡಿರುವ ತೆಳ್ಳನೆಯ ಒಳ ಉಡುಪು, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಮೇಲೆ ಚರ್ಮದ ಅಥವಾ ಒತ್ತಾಗಿ ನೇಯ್ದ ಬಟ್ಟೆಯ ಜಾಕೆಟ್ಟು: ಈ ಮೂರು ಪದರಗಳಿದ್ದರೆ ಸಾಕು. ಮಳೆಗಾಲದ ಕೋಟನ್ನೇ ಸ್ವೆಟರಿನ ಮೇಲೆ ತೊಟ್ಟರೂ ಕೆಲಸ ನಡೆಯುತ್ತದೆ.

ಸ್ಕೂಟರಿಗಾಗಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಕಾಲದಲ್ಲಿ ದೆಹಲಿಗೆ ಬಂದ ಹಿರಿಯರು ಅಂದಿನ ವೃತ್ತಪತ್ರಿಕೆಯನ್ನು ಮಡಚಿ ಶರ್ಟಿಗೂ ಸ್ವೆಟರಿಗೂ ನಡುವೆ ಎದೆಯ ಮೇಲೆ ಇಟ್ಟುಕೊಂಡು ಹೊರಡುತ್ತಿದ್ದುದುಂಟು. ಇದನ್ನು ಕಂಡು ನಗಬೇಕಾಗಿಲ್ಲ. ಕಾಗದ ಗಾಳಿಯನ್ನು ತಡೆಯುತ್ತದೆ, ಮಡಿಕೆಗಳ ನಡುವಿನ ಗಾಳಿ ಶಾಖವನ್ನು ಉಳಿಸುತ್ತದೆ. ಶಾಸ್ತ್ರಸಮ್ಮತವಾದ ಉಪಾಯವೇ ಅದು.

ಕೈಗವಸುಗಳಿಗೂ ಇದೇ ನಿಯಮ. ಉಣ್ಣೆಯ ಕೈಗವಸು ಮಾತ್ರ ಸಾಲದು. ಹೊರಮೈ ಚರ್ಮದ್ದಾಗಿಯೋ ಗಾಳಿ ತೂರದ ಬಟ್ಟೆಯದಾಗಿಯೋ ಇರಬೇಕು. ಬಹಳ ಬಿಗಿಯಾಗಿದ್ದರೆ ರಕ್ತಸಂಚಾರಕ್ಕೆ ಅಡ್ಡಿ, ಬಹಳ ದಪ್ಪನಾಗಿದ್ದರೆ ಬ್ರೇಕಿನ ಹಿಡಿತಕ್ಕೆ ಅಡ್ಡಿ. ಅಂಗಡಿಯಲ್ಲಿಯೇ ಅವನ್ನು ತೊಟ್ಟು ಮುಷ್ಟಿ ಬಿಗಿದು, ಬಿಚ್ಚಿ ನೋಡಿ ಕೊಳ್ಳಬೇಕು. ಜಾಕೆಟ್ಟಿನ ತೋಳಿನ ತುದಿ ಕೈಗವಸಿನೊಳಗೆ ಸೇರಿ ಮಣಿಕಟ್ಟು ಮುಚ್ಚಿಕೊಂಡಿರಬೇಕು. ಮೊಣಕಾಲಿಗೂ ಪಾದಗಳಿಗೂ ರಕ್ಷಣೆ ಅವಶ್ಯ. ಚಪ್ಪಲಿ ಮೆಟ್ಟಿ ಸವಾರಿ ಮಾಡುವುದನ್ನು ಈ ಋತುವಿನಲ್ಲಂತೂ ಬಿಡಲೇಬೇಕು.

ಮಫ್ಲರು, ಶಾಲು, ದುಪಟ್ಟಾಗಳ ತುದಿಗಳನ್ನು ಜಾಕೆಟ್ಟಿನೊಳಗೆ ಸೇರಿಸಿಕೊಳ್ಳತಕ್ಕದ್ದು. ಹಾರಾಡುವ ತುದಿ ಹಿಂದಿನ ಚಕ್ರಕ್ಕೆ ಸಿಕ್ಕಿ ಕುತ್ತಿಗೆಗೆ ಉರುಳಾಗಬಹುದು. ಶಿರಸ್ತ್ರಾಣದ ಅಡಿಯಲ್ಲಿ ದಪ್ಪನೆಯ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡರೆ ಶಿರಸ್ತ್ರಾಣ ತಲೆಗೆ ಸರಿಯಾಗಿ ಕೂರುವುದಿಲ್ಲ, ಹಿಂದಿನಿಂದ ಬರುವ ವಾಹನದ ಸದ್ದೂ ಕೇಳುವುದಿಲ್ಲ. ತೆಳುವಾದ ಮುಸುಕು ಸಾಕು. ಶಿರಸ್ತ್ರಾಣದ ಮೇಲೆ ಭಾರತೀಯ ಮಾನಕ ಐ.ಎಸ್. 4151ರ ಗುರುತು ಇರಬೇಕೆಂಬುದು ಎಲ್ಲ ಋತುಗಳಿಗೂ ಅನ್ವಯಿಸುವ ಮಾತು.

ಕಾವಳದಲ್ಲಿ ದೂರದ ಲೆಕ್ಕ

ಉತ್ತರದ ಬಯಲು ಸೀಮೆಯಲ್ಲಿ ಚಳಿಗಾಲದ ರಾತ್ರಿ ಆಕಾಶ ನಿರ್ಮಲವಾಗಿದ್ದು ಗಾಳಿ ನಿಂತಾಗ ನೆಲ ಬೇಗನೆ ತಣ್ಣಗಾಗುತ್ತದೆ. ಅದರ ಮೇಲಿನ ತೇವಭರಿತ ಗಾಳಿ ತಂಪಾಗಿ ಸೂಕ್ಷ್ಮ ಜಲಬಿಂದುಗಳಾಗಿ ಮಾರ್ಪಡುತ್ತದೆ. ಇದೇ ಇಲ್ಲಿಯವರು 'ಕೋಹರಾ' ಎಂದು ಕರೆಯುವ ಕಾವಳ. ಸೂರ್ಯೋದಯದ ಆಸುಪಾಸಿನಲ್ಲಿ ಇದು ಸಾಮಾನ್ಯವಾಗಿ ದಟ್ಟವಾಗಿರುತ್ತದೆ. ಯಮುನೆಯ ದಡದ ತಗ್ಗು ಪ್ರದೇಶಗಳಲ್ಲಿ ಸೇತುವೆ ದಾಟುವವರು ವಿಶೇಷ ಎಚ್ಚರ ವಹಿಸಬೇಕು. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಂತೆ 200 ಮೀಟರಿಗಿಂತ ಆಚೆ ಕಾಣದಿದ್ದರೆ ಅದು ದಟ್ಟ ಮಂಜು. 50 ಮೀಟರಿಗಿಂತ ಆಚೆ ಕಾಣದಿದ್ದರೆ ಅತಿ ದಟ್ಟ ಮಂಜು.

ಈ 50 ಮೀಟರಿನ ಅರ್ಥವೇನೆಂಬುದನ್ನು ವಿಚಾರಿಸೋಣ. ಇಬ್ಬನಿಯಿಂದ ಒದ್ದೆಯಾದ ರಸ್ತೆಯಲ್ಲಿ 60 ಕಿಲೋಮೀಟರು ವೇಗದಿಂದ ಹೋಗುವ ಸವಾರನು ಎದುರಿನ ಅಡಚಣೆಯನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ 17 ಮೀಟರು ಸಾಗಿರುತ್ತಾನೆ. ಒತ್ತಿದ ಮೇಲೆ ನಿಲ್ಲಲು ಸುಮಾರು 28 ಮೀಟರು ಬೇಕು. ಒಟ್ಟು 45 ಮೀಟರು. ಬೆರಳು ಮರಗಟ್ಟಿ ಅರ್ಧ ಸೆಕೆಂಡು ತಡವಾದರೆ ಇನ್ನೂ 8 ಮೀಟರು ಸೇರಿ ಮೊತ್ತ 53ಕ್ಕೆ ಏರುತ್ತದೆ. ಕಾಣುವುದು 50, ಬೇಕಾದುದು 53. ಇದೇ ಲೆಕ್ಕವನ್ನು 40 ಕಿಲೋಮೀಟರು ವೇಗಕ್ಕೆ ಹಾಕಿದರೆ, ಬೆರಳಿನ ತಡವನ್ನೂ ಸೇರಿಸಿ, ಸುಮಾರು 30 ಮೀಟರಿನಲ್ಲಿ ವಾಹನ ನಿಲ್ಲುತ್ತದೆ. ಕಾವಳ ಇನ್ನೂ ದಟ್ಟವಾದರೆ ವೇಗವನ್ನು ಇನ್ನೂ ಇಳಿಸಬೇಕು. ವೇಗ ತಗ್ಗಿದಷ್ಟೂ ಗಾಳಿಯ ಪೆಟ್ಟೂ ತಗ್ಗಿ ಬೆರಳು ಬೆಚ್ಚಗಿರುತ್ತದೆಂಬುದು ಇದರ ಇನ್ನೊಂದು ಲಾಭ.

ಮಂಜಿನಲ್ಲಿ ದೀಪವನ್ನು ತಗ್ಗಿಸಿ ಉರಿಸಬೇಕು. ಎತ್ತರದ ಬೆಳಕು ಜಲಬಿಂದುಗಳಿಗೆ ತಾಗಿ ಹಿಂದಿರುಗಿ ಕಣ್ಣು ಕೋರೈಸುತ್ತದೆ. ಲಾರಿಯ ಹಿಂದಿನ ಕೆಂಪು ದೀಪವನ್ನೇ ಗುರಿಯಾಗಿಟ್ಟುಕೊಂಡು ಅದಕ್ಕೆ ಅಂಟಿದಂತೆ ಹೋಗಬಾರದು. ಶಿರಸ್ತ್ರಾಣದ ಗಾಜು ಉಸಿರಿನಿಂದ ಮಸುಕಾದರೆ ಅದನ್ನು ಒಂದು ಬೆರಳಿನಷ್ಟು ಮೇಲೆತ್ತಬೇಕು. ಬಣ್ಣದ ಗಾಜನ್ನು ಮುಂಜಾನೆ ಮತ್ತು ಸಂಜೆಯ ವೇಳೆ ಬಳಸಲೇಬಾರದು. ಅತಿ ದಟ್ಟ ಮಂಜಿನ ದಿನ ವಾಹನವನ್ನು ಹತ್ತಿರದ ಮೆಟ್ರೋ ನಿಲ್ದಾಣದಲ್ಲಿ ಬಿಟ್ಟು ರೈಲು ಹಿಡಿಯುವುದು ವಿವೇಕದ ಮಾರ್ಗ.

ಉಸಿರಾಡುವ ಗಾಳಿ

ಮಂಜನ್ನು ನೆಲದ ಬಳಿ ಹಿಡಿದಿಡುವ ನಿಶ್ಚಲ ವಾಯುವೇ ಹೊಗೆಯನ್ನೂ ಹಿಡಿದಿಡುತ್ತದೆ. ಎರಡೂವರೆ ಮೈಕ್ರೋಮೀಟರಿಗಿಂತ ಚಿಕ್ಕದಾದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇವುಗಳ ಪ್ರಮಾಣ ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಮನ್ನು ಮೀರಬಾರದೆಂದು ನಮ್ಮ ದೇಶ 2009ರಲ್ಲಿ ನಿಗದಿಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15. ದೆಹಲಿಯ ಚಳಿಗಾಲದಲ್ಲಿ ಈ ಎರಡು ಮಿತಿಗಳನ್ನೂ ಬಹುಪಾಲು ದಿನಗಳು ದಾಟುತ್ತವೆ. ಮೂಗಿಗೆ ಕಟ್ಟಿದ ಕರವಸ್ತ್ರ ಚಳಿಯನ್ನು ಕೊಂಚ ತಡೆದೀತು, ಈ ಕಣಗಳನ್ನು ತಡೆಯಲಾರದು. ಮುಖಕ್ಕೆ ಸಂದಿಲ್ಲದಂತೆ ಕೂರುವ ಎನ್-95 ಮುಖಗವಸು ಬೇಕು. ಮೂಗಿನ ಮೇಲಿನ ತಂತಿಯನ್ನು ಚೆನ್ನಾಗಿ ಒತ್ತಿಕೊಂಡರೆ ಉಸಿರು ಮೇಲಕ್ಕೆ ಹೋಗದೆ ಶಿರಸ್ತ್ರಾಣದ ಗಾಜೂ ಸ್ವಚ್ಛವಾಗಿರುತ್ತದೆ.

ಮಕ್ಕಳು ಮತ್ತು ರೋಗಪೀಡಿತರು

ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು ಶಾಲೆಗೆ ಬಿಡುವ ತಂದೆ, ಮಗು ತನ್ನ ತೋಳುಗಳ ನಡುವೆ ಬೆಚ್ಚಗಿದೆಯೆಂದು ಭಾವಿಸುತ್ತಾನೆ. ನಿಜವಾಗಿ ತಂದೆಯನ್ನು ಗಾಳಿಯಿಂದ ಕಾಪಾಡುತ್ತಿರುವುದೇ ಆ ಮಗು. ದೇಹದ ತೂಕಕ್ಕೆ ಹೋಲಿಸಿದರೆ ಮಗುವಿನ ಮೈಯ ಹರವು ದೊಡ್ಡದು. ಆದ್ದರಿಂದ ಅದು ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ಮಗುವನ್ನು ಹಿಂದೆ ಕೂರಿಸುವುದು ಒಳಿತು. ನಾಲ್ಕು ವರ್ಷದೊಳಗಿನ ಮಗುವಿಗೆ ಸುರಕ್ಷಾ ಪಟ್ಟಿ ಮತ್ತು ಶಿರಸ್ತ್ರಾಣ ಇರಬೇಕು, ವೇಗ 40 ಕಿಲೋಮೀಟರು ಮೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ 2022ರಲ್ಲಿ ಪ್ರಕಟವಾಗಿದೆ.

ರಕ್ತನಾಳಗಳು ಸಂಕುಚಿತವಾದಾಗ ರಕ್ತದೊತ್ತಡ ಏರಿ, ಹೃದಯದ ಶ್ರಮ ಹೆಚ್ಚುತ್ತದೆ. ಹೃದ್ರೋಗ, ರಕ್ತದೊತ್ತಡಗಳಿರುವವರು ಚಳಿಗಾಲಕ್ಕೆ ಮುಂಚೆಯೇ ವೈದ್ಯರನ್ನು ಕಾಣಬೇಕು. ದಾರಿಯಲ್ಲಿ ಎದೆ ಬಿಗಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿದರೆ, ಅದನ್ನು "ಚಳಿಗೆ ಹಿಡಿದುಕೊಂಡಿದೆ" ಎಂದು ತಳ್ಳಿಹಾಕಬಾರದು. ಕೂಡಲೇ ವಾಹನ ನಿಲ್ಲಿಸಿ, ಇನ್ನೊಬ್ಬರ ನೆರವಿನಿಂದ ಆಸ್ಪತ್ರೆ ಸೇರಬೇಕು. ಉಬ್ಬಸವುಳ್ಳವರು ಇನ್‌ಹೇಲರನ್ನು ವಾಹನದ ಡಿಕ್ಕಿಯಲ್ಲಿ ಇಡದೆ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬಹಳ ತಣ್ಣಗಾದರೆ ಅದರಿಂದ ಔಷಧಿ ಸರಿಯಾಗಿ ಹೊರಬರುವುದಿಲ್ಲ. ಸಿಹಿಮೂತ್ರ ರೋಗದಿಂದ ಸ್ಪರ್ಶಜ್ಞಾನ ಕುಂದಿದವರು ಕೈಕಾಲುಗಳನ್ನು ಪ್ರತಿದಿನ ಕಣ್ಣಿನಿಂದಲೇ ಪರೀಕ್ಷಿಸಿಕೊಳ್ಳಬೇಕು. ಕೆಲವರ ಬೆರಳು ಚಳಿಗೆ ಬಿಳಿಚಿಕೊಂಡು, ನೀಲಿಗಟ್ಟಿ, ಬೆಚ್ಚಗಾದಾಗ ಕೆಂಪಾಗುತ್ತದೆ. ಇದನ್ನು 1862ರಲ್ಲಿ ವಿವರಿಸಿದ ಫ್ರಾನ್ಸಿನ ವೈದ್ಯ ಮೋರಿಸ್ ರೇನೋ ಅವರ ಹೆಸರಿನಿಂದಲೇ ಈ ತೊಂದರೆಯನ್ನು ಕರೆಯುತ್ತಾರೆ. ಇಂಥವರಿಗೆ ವೈದ್ಯರ ಸಲಹೆ ಅವಶ್ಯ.

ಹೊರಡುವ ಮುನ್ನ, ಮರಳಿದ ಮೇಲೆ

ಬರಿಹೊಟ್ಟೆಯಲ್ಲಿ ಹೊರಡಬಾರದು. ದೇಹವೆಂಬ ಒಲೆಗೆ ಆಹಾರವೇ ಸೌದೆ. ಧನುರ್ಮಾಸದಲ್ಲಿ ಮೆಣಸು, ತುಪ್ಪ ಹಾಕಿದ ಬಿಸಿ ಹುಗ್ಗಿ ತಿನ್ನುವ ಸಂಪ್ರದಾಯ ದೆಹಲಿಯ ಮುಂಜಾನೆಗೂ ಚೆನ್ನಾಗಿ ಒಪ್ಪುತ್ತದೆ. ಚಳಿಯಲ್ಲಿ ಬಾಯಾರಿಕೆ ತಿಳಿಯದಿದ್ದರೂ ಮೂತ್ರ ಹೆಚ್ಚಾಗಿ ಹೋಗುವುದರಿಂದ ನೀರು ಕುಡಿಯುವುದನ್ನು ಮರೆಯಬಾರದು. ಬೀಡಿ ಸಿಗರೇಟುಗಳು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಸಂಕುಚಿತಗೊಳಿಸುತ್ತವೆ. ಮದ್ಯ ಮೈ ಬೆಚ್ಚಗಾದಂತೆ ಭ್ರಮೆ ಹುಟ್ಟಿಸಿ, ಒಳಗಿನ ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ. ವಾಹನ ನಡೆಸುವವನಿಗಂತೂ ಅದು ಎಂದಿಗೂ ಸಲ್ಲದು.

ಟೈರುಗಳ ಗಾಳಿಯನ್ನು ಹೆಚ್ಚಾಗಿ ಪರೀಕ್ಷಿಸಬೇಕು. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು ಒಂದೂವರೆ ಪೌಂಡಿನಷ್ಟು ಇಳಿಯುತ್ತದೆ. ಎಂಜಿನ್ನನ್ನು ಬೆಚ್ಚಗಾಗಿಸಲು ಮುಚ್ಚಿದ ಶೆಡ್ಡಿನಲ್ಲಿ ಓಡಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸಂಜೆ ನಡುಗುತ್ತಾ ಮನೆಗೆ ಬಂದವರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಹಚ್ಚಿಕೊಂಡು ಮಲಗಿದರೆ ಅದೇ ವಿಷ ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಮರಗಟ್ಟಿದ ಬೆರಳನ್ನು ನೇರವಾಗಿ ಬೆಂಕಿಗೆ ಹಿಡಿಯದೆ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ನಿಧಾನವಾಗಿ ಬೆಚ್ಚಗಾಗಿಸಬೇಕು. ಆಮೇಲೆ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದರೆ ಚರ್ಮ ಬಿರಿಯುವುದಿಲ್ಲ. ಬೆರಳು ಕೆಂಪಗೆ ಊದಿ ತುರಿಸುತ್ತಿದ್ದರೆ ಕೆರೆಯಬಾರದು. ಹುಣ್ಣಾದರೆ ವೈದ್ಯರಿಗೆ ತೋರಿಸಬೇಕು.

ಉಪಸಂಹಾರ

ಇಷ್ಟೆಲ್ಲದರ ಸಾರವನ್ನು ಎರಡು ಮಾತುಗಳಲ್ಲಿ ಹೇಳಬಹುದು: ಗಾಳಿಯನ್ನು ತಡೆಯುವುದು, ವೇಗವನ್ನು ತಗ್ಗಿಸುವುದು. ಮೊದಲನೆಯದಕ್ಕೆ ಒಂದು ಜಾಕೆಟ್ಟು ಮತ್ತು ಒಂದು ಜೊತೆ ಒಳ್ಳೆಯ ಕೈಗವಸು ಸಾಕು. ಎರಡನೆಯದಕ್ಕೆ ಹಣವೇ ಬೇಡ, ಮನೆಯಿಂದ ಕಾಲು ಗಂಟೆ ಮುಂಚೆ ಹೊರಟರಾಯಿತು. ಮಂಜು ಕವಿದ ದಿನ ಕಾಲು ಗಂಟೆ ತಡವಾಗಿ ತಲುಪಿದರೂ ಆಯಿತು. ಕಚೇರಿಯ ಹಾಜರಿ ಪುಸ್ತಕದಲ್ಲಿ ಬೀಳುವ ಒಂದು ಕೆಂಪು ಗೆರೆಯನ್ನು ತಿಂಗಳೊಪ್ಪತ್ತಿನಲ್ಲಿ ಎಲ್ಲರೂ ಮರೆಯುತ್ತಾರೆ. ಊರನ್ನು ಬಿಟ್ಟು ಇಷ್ಟು ದೂರ ಬಂದು ಸಂಸಾರ ಹೂಡಿದವನನ್ನು ಸಂಜೆ ಮನೆಯವರು ಎದುರು ನೋಡುವುದು ಅವನು ಬೇಗ ಬರಲೆಂದಲ್ಲ, ಕ್ಷೇಮವಾಗಿ ಬರಲೆಂದು.